ಹಳೇ ಜೀಪಿನ ಹೌಸಿಂಗ್: ಪೌಡರ್ ಕೋಟಿಂಗೋ, ಕಂಪನಿ ಬಣ್ಣವೋ? ಏಳು ಮಳೆಗಾಲದ ಅನುಭವ

ನಮ್ಮದು ಮಹೀಂದ್ರಾ ಸಿಜೆ-3ಬಿ ಜೀಪು. ಅಪ್ಪ ಹೊಸದಾಗಿ ತಂದಿದ್ದು. ಮೂಡಿಗೆರೆ ಕಡೆಯ ತೋಟದಲ್ಲಿ ಇವತ್ತಿಗೂ ದುಡಿಯುತ್ತಿದೆ. 2018ರ ಬೇಸಿಗೆಯಲ್ಲಿ ಮುಂದಿನ, ಹಿಂದಿನ ಎರಡೂ ಹೌಸಿಂಗ್ (ಚಕ್ರಗಳ ನಡುವೆ ಗೇರ್, ಆಕ್ಸಲ್ ಕೂರುವ ಲೋಹದ ಕವಚ) ಇಳಿಸಿದೆವು. ಮುಂದಿನದನ್ನು ಮೊದಲೇ ಬ್ಲಾಸ್ಟಿಂಗ್ ಮಾಡಿಸಿ, ಅಂದರೆ ಹಳೇ ಬಣ್ಣವನ್ನೆಲ್ಲ ರಭಸವಾಗಿ ಕಣ ಹೊಡೆಸಿ ಕಿತ್ತು, ಪೌಡರ್ ಕೋಟಿಂಗ್‌ಗೆ (ಪುಡಿ ಬಣ್ಣ ಸಿಂಪಡಿಸಿ ಓವನ್‌ನಲ್ಲಿ ಕಾಯಿಸುವುದು) ಕೊಟ್ಟುಬಿಟ್ಟೆ. ಹಿಂದಿನದನ್ನೂ ಕೊಡಬೇಕು ಅಂತಲೇ ಇತ್ತು.

ಅದರ ಕ್ರೌನ್ ಕವರ್‌ನ (ಒಳಗಿನ ಗೇರ್ ಮುಚ್ಚುವ ಮುಚ್ಚಳದ) ಬೋಲ್ಟಿಗೆ ಒಂದು ಚಿಕ್ಕ ತಗಡು ಸಿಕ್ಕಿಸಿರುತ್ತಾರೆ. ನಮ್ಮದರಲ್ಲಿ 43-8 ಅಂತ ಒತ್ತಿತ್ತು. ಕ್ರೌನ್ ಅನ್ನೋ ದೊಡ್ಡ ಗೇರ್‌ಗೆ 43 ಹಲ್ಲು, ಅದನ್ನು ತಿರುಗಿಸುವ ಪಿನಿಯನ್ ಅನ್ನೋ ಚಿಕ್ಕ ಗೇರ್‌ಗೆ 8. ಅಂದರೆ 5.38ರ ಗೇರ್ ರೇಶಿಯೊ. ಡೀಸೆಲ್ ಹಾಕಿ ಉಜ್ಜಿ ಬೋಲ್ಟ್ ಬಿಚ್ಚಿದೆ. ತಗಡು ಎತ್ತಿದರೆ ಕೆಳಗೆ ಅಷ್ಟೇ ಅಗಲದ ಕಪ್ಪು ಬಣ್ಣ, ನಿನ್ನೆ ಹೊಡೆದ ಹಾಗೆ! ಮಿರಮಿರ ಮಿಂಚುವ ಕಪ್ಪಲ್ಲ, ಎಣ್ಣೆ ಸವರಿದ ಕಾವಲಿಯ ಕಪ್ಪು. ಅಂಚಿನಲ್ಲಿ ಅಡಿಗೆ ಹೊಡೆದಿದ್ದ ರೆಡ್ ಆಕ್ಸೈಡ್ ಪ್ರೈಮರ್ ಇಣುಕುತ್ತಿತ್ತು. ಲೋಹದ ಮೈ ಹಾಗೇ ಕಾಣುವಷ್ಟು ತೆಳು. ಅಪ್ಪ ಬಗ್ಗಿ ನೋಡಿ, "ಗಾಡಿ ಮನೆಗೆ ಬಂದಾಗ ಹೀಗೇ ಇತ್ತು ಕಣೋ" ಅಂದರು. ಆಮೇಲೆ ಅದನ್ನು ಬ್ಲಾಸ್ಟಿಂಗ್‌ಗೆ ಕಳಿಸಲು ಮನಸ್ಸು ಬರಲಿಲ್ಲ. ಗಟ್ಟಿಯಾಗಿದ್ದ ಹಳೇ ಬಣ್ಣ ಉಳಿಸಿಕೊಂಡು, ತುಕ್ಕು ಹಿಡಿದ ಕಡೆ ಮಾತ್ರ ಎಮರಿ ಪೇಪರ್ ಹಾಕಿ, ಕಂಪನಿಯವರು ಹೊಡೆದಿದ್ದ ಹಾಗೇ ರೆಡ್ ಆಕ್ಸೈಡ್, ಮೇಲೆ ಅರೆ ಹೊಳಪಿನ ಕಪ್ಪು ಎನಾಮೆಲ್ ಬಳಿದೆ. ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿಗೂ ಅದೇ. ಅಲ್ಲಿ ಆಯಿಲ್ ಜಿನುಗಿರುತ್ತದೆ, ಥಿನ್ನರ್‌ನಲ್ಲಿ ಎರಡು ಮೂರು ಸಲ ಒರೆಸದಿದ್ದರೆ ಬಣ್ಣ ಹಿಡಿಯುವುದಿಲ್ಲ.

ಮೊದಲ ಎರಡು ವರ್ಷ ಪೌಡರ್ ಕೋಟಿಂಗೇ ಚೆಂದ ಕಾಣುತ್ತಿತ್ತು. ನೀರು ಬಿಟ್ಟರೆ ಕೆಸರು ಜಾರಿ ಹೋಗುತ್ತಿತ್ತು. ಮೂರನೇ ಮಳೆಗಾಲದಲ್ಲಿ ಕಲ್ಲು ಬಡಿದು ಕಡಲೆಕಾಳಿನಷ್ಟು ಎದ್ದಿತು. ಚಾಕು ತುದಿಯಲ್ಲಿ ಎತ್ತಿದೆ. ಅಂಗೈ ಅಗಲದ ಸಿಪ್ಪೆ ಕಿತ್ತು ಬಂತು. ಅಡಿಯಲ್ಲೆಲ್ಲ ತುಕ್ಕು. ಮೇಲಿಂದ ನೋಡಿದರೆ ಗೊತ್ತೇ ಆಗುತ್ತಿರಲಿಲ್ಲ, ನನಗೆ ಬೇಜಾರಾಗಿದ್ದು ಅದೇ. ಮತ್ತೆ ಪೌಡರ್ ಹಾಕಿಸಲು ಸೀಲು, ಬೇರಿಂಗು ಎಲ್ಲ ಬಿಚ್ಚಿ ಓವನ್‌ಗೇ ಹಾಕಬೇಕು, ಮನೆಯಲ್ಲಿ ಆಗುವ ಕೆಲಸವಲ್ಲ.

ಇನ್ನೊಂದು ಎಡವಟ್ಟು ಹೇಳಲೇಬೇಕು. ಕೋಟಿಂಗ್ ಮಾಡಿದವರು ಹೌಸಿಂಗ್‌ನ ಗಾಳಿಕಿಂಡಿ, ಅಂದರೆ ಬ್ರೀದರ್‌ಗೆ ಟೇಪ್ ಸುತ್ತಿರಲಿಲ್ಲ. ಅದರ ತೂತು ಪೌಡರ್‌ನಿಂದ ಮುಚ್ಚಿಹೋಗಿತ್ತು. ಗಾಡಿ ಓಡಿ ಆಯಿಲ್ ಬಿಸಿಯಾದರೆ ಒಳಗಿನ ಗಾಳಿ ಹಿಗ್ಗುತ್ತದೆ, ಹೋಗಲು ದಾರಿ ಬೇಕಲ್ವಾ? ಪಿನಿಯನ್ ಸೀಲಿನಿಂದ ಆಯಿಲ್ ತಳ್ಳಿತು. ಸುಮ್ನೆ ಎರಡು ಸೀಲ್ ಬದಲಾಯಿಸಿದ ಮೇಲೆ ಕಾರಣ ಸಿಕ್ಕಿತು. ಯಾರಿಗೇ ಕೊಟ್ಟರೂ ಬ್ರೀದರ್ ಬಿಚ್ಚಿಟ್ಟುಕೊಂಡು ಕೊಡಿ.

ಎನಾಮೆಲ್‌ಗೂ ಪೆಟ್ಟು ಬಿದ್ದಿದೆ. ಬ್ರೇಕಿನ ವೀಲ್ ಸಿಲಿಂಡರ್ ಸೋರಿ ಬ್ರೇಕ್ ಆಯಿಲ್ ತಾಗಿದ ಕಡೆ ಸುಕ್ಕುಗಟ್ಟಿ ಎದ್ದುಬಂತು. ಕಲ್ಲೇಟಿಗೆ ಬೇಗ ಗೀರೂ ಆಗುತ್ತದೆ. ಆದರೆ ತುಕ್ಕು ಎಲ್ಲಿದೆಯೋ ಅಲ್ಲೇ ಕಣ್ಣಿಗೆ ಕಾಣುತ್ತದೆ. ಪ್ರತಿ ವರ್ಷ ಮಳೆ ಹಿಡಿಯುವ ಮುಂಚೆ ತೊಳೆದು, ಉಜ್ಜಿ, ಬ್ರಷ್‌ನಲ್ಲಿ ತೇಪೆ ಹಾಕುತ್ತೇನೆ. ಅರ್ಧ ದಿನದ ಕೆಲಸ. ತೇಪೆ ಹಾಕಿದ ಗುರುತೂ ಅಷ್ಟಾಗಿ ಕಾಣುವುದಿಲ್ಲ.

ತೋಟ, ಕೆಸರು, ಕಲ್ಲು ದಾರಿಯ ಗಾಡಿಯಾದರೆ ನನ್ನ ಓಟು ಕಂಪನಿ ಬಣ್ಣಕ್ಕೇ. ಈ ಬೇಸಿಗೆಯಲ್ಲಿ ಮುಂದಿನ ಹೌಸಿಂಗನ್ನೂ ಇಳಿಸಿ ಪೌಡರ್ ಪೂರ್ತಿ ತೆಗೆಸುತ್ತಿದ್ದೇನೆ. ಡಬ್ಬಿ ಬಣ್ಣ ಈಗಾಗಲೇ ತಂದಿಟ್ಟಿದ್ದೇನೆ. ಹಿಂದಿನದರ ತಗಡಿನ ಕೆಳಗಿನ ಚೂರಿಗೆ ಹೊಂದಿಸಿ ನೋಡಿಯೇ ತಂದಿದ್ದು.