ಕಾರಿನ ಒಳಗಿನ ಲೈಟಿಗೆ ‘ಫೇಡ್ ಮಾಡ್ಯೂಲ್’ ಹಾಕಿಸುವ ಮುಂಚೆ ಇದನ್ನು ಓದಿ

ಬಾಗಿಲು ಹಾಕಿದ ಮೇಲೆ ಒಳಗಿನ ಎಲ್‌ಇಡಿ ತಟ್ಟನೆ ಆರದೆ ಮೆಲ್ಲಗೆ ಮಂಕಾಗುತ್ತಾ ಹೋಗುತ್ತೆ ಅಂತ ಹೇಳಿ ಮಾರುವ ಕಪ್ಪು ಮಾಡ್ಯೂಲ್‌ಗಳಿವೆಯಲ್ಲ, ಎರಡೇ ವೈರಿನವು, ಅದನ್ನು ಹಾಕಿಸಬೇಡಿ. ನಿಮ್ಮ ಗಾಡಿಯ ಲೈಟನ್ನು ಆನ್ ಆಫ್ ಮಾಡುತ್ತಿರುವುದು ಏನು ಅಂತ ಗೊತ್ತಾಗುವ ತನಕವಂತೂ ಬೇಡವೇ ಬೇಡ. ನನ್ನ ಗಾಡಿಯಲ್ಲಿ ಅದು ಬಿಸಿಎಂ ಅನ್ನೇ ಬಲಿ ತೆಗೆದುಕೊಂಡಿತು. ಬಿಸಿಎಂ ಅಂದರೆ ಲೈಟು, ಲಾಕು, ವೈಪರ್ ಇಂಥವನ್ನೆಲ್ಲ ನೋಡಿಕೊಳ್ಳುವ ಬಾಡಿ ಕಂಟ್ರೋಲ್ ಮಾಡ್ಯೂಲ್.

ಫಿಟ್ ಮಾಡಿದವರು ‘ಎಲ್ಲ ಗಾಡಿಗೂ ಆಗುತ್ತೆ ಸಾರ್’ ಅಂದಿದ್ದರು. ಮೊದಮೊದಲು ನೋಡಲು ಚೆನ್ನಾಗೇ ಇತ್ತು, ಒಂದೆರಡು ಸೆಕೆಂಡ್ ಮಂಕಾಗಿ ಆರುತ್ತಿತ್ತು. ಆಮೇಲೆ ಬಾಗಿಲು ತೆರೆದರೂ ಒಮ್ಮೊಮ್ಮೆ ಲೈಟೇ ಬರುತ್ತಿರಲಿಲ್ಲ, ಮುಚ್ಚಿ ತೆರೆದರೆ ಬರುತ್ತಿತ್ತು. ಕೇಳಿದರೆ ಬಲ್ಬ್ ಲೂಸ್ ಇರಬೇಕು ಅಂದರು. ಕೊನೆಗೆ ಪೂರ್ತಿ ನಿಂತೇಹೋಯಿತು. ಫ್ಯೂಸ್ ಸರಿಯಾಗಿತ್ತು, ಹಳೇ ಬಲ್ಬ್ ಹಾಕಿದರೂ ಇಲ್ಲ. ಸರ್ವಿಸ್‌ನವರು ನೋಡಿ, ಬಿಸಿಎಂ ಒಳಗೆ ಆ ಲೈಟಿನ ಔಟ್‌ಪುಟ್ ಹೋಗಿದೆ, ಅದೊಂದನ್ನೇ ರಿಪೇರಿ ಮಾಡಲ್ಲ, ಇಡೀ ಯೂನಿಟ್ ಬದಲಿಸಿ ಕೀಗಳನ್ನೂ ಮತ್ತೆ ಪ್ರೋಗ್ರಾಂ ಮಾಡಬೇಕು ಅಂದರು. ಹೊರಗಿನ ವೈರಿಂಗ್ ಇದೆ ಅಂತ ವಾರಂಟಿಯೂ ಸಿಗಲಿಲ್ಲ.

ಆ ಮಾಡ್ಯೂಲ್ ಮೇಲಿನ ಸ್ಲೀವ್ ಕತ್ತರಿಸಿ ನೋಡಿದೆ. ಒಳಗಿದ್ದದ್ದು ಹೆಬ್ಬೆರಳು ಗಾತ್ರದ ಒಂದು ಕೆಪಾಸಿಟರ್, ಅಂದರೆ ಕರೆಂಟ್ ತುಂಬಿಟ್ಟುಕೊಂಡು ಆಮೇಲೆ ಬಿಡುವ ಬಿಡಿಭಾಗ. 10,000 ಮೈಕ್ರೋಫ್ಯಾರಡ್‌ನದು, ಹೆಚ್ಚೆಂದರೆ 16 ವೋಲ್ಟ್ ತಡೆಯುವಂಥದ್ದು. ಅಷ್ಟೇ! ಕರೆಂಟಿಗೆ ತಡೆ ಒಡ್ಡುವ ಒಂದು ರೆಸಿಸ್ಟರ್ ಕೂಡ ಇಲ್ಲ.

ತೊಂದರೆ ಏನು ಅಂದರೆ, ಖಾಲಿ ಕೆಪಾಸಿಟರಿಗೆ ಕರೆಂಟ್ ಕೊಟ್ಟ ಕ್ಷಣಕ್ಕೆ ಅದು ಶಾರ್ಟ್ ಸರ್ಕ್ಯೂಟ್ ಇದ್ದ ಹಾಗೇ. 10 ವ್ಯಾಟ್‌ನ ಮಾಮೂಲಿ ಬಲ್ಬ್ ಉರಿಯುವಾಗ ಒಂದು ಆಂಪಿಯರ್ ಕೂಡ ಎಳೆಯಲ್ಲ, ಇದು ಆ ಒಂದು ಚಣದಲ್ಲಿ ಹತ್ತಾರು ಆಂಪಿಯರ್ ಎಳೆಯಬಹುದು, ತಡೆಯುವುದಕ್ಕೆ ವೈರಿನ ರೆಸಿಸ್ಟೆನ್ಸ್ ಬಿಟ್ಟು ಬೇರೇನೂ ಇಲ್ಲ. ಪ್ರತಿ ಸಲ ಬಾಗಿಲು ತೆರೆದಾಗಲೂ ಬಿಸಿಎಂ ಒಳಗೆ ಸ್ವಿಚ್ ಕೆಲಸ ಮಾಡುವ ಪುಟ್ಟ ಟ್ರಾನ್ಸಿಸ್ಟರ್ ಈ ಏಟು ತಿನ್ನಬೇಕು. ಲೈಟ್ ಒಮ್ಮೊಮ್ಮೆ ಬಾರದೇ ಇದ್ದದ್ದು ಅದಕ್ಕೇ, ಬಿಸಿಎಂ ಶಾರ್ಟ್ ಅಂದುಕೊಂಡು ತಾನೇ ಆಫ್ ಮಾಡಿಕೊಳ್ಳುತ್ತಿತ್ತು. ಪಿಡಬ್ಲ್ಯೂಎಂನಲ್ಲಿ, ಅಂದರೆ ಸೆಕೆಂಡಿಗೆ ನೂರಾರು ಸಲ ಆನ್ ಆಫ್ ಮಾಡಿ ಬೆಳಕು ತಗ್ಗಿಸುವ ಗಾಡಿಗಳಲ್ಲಿ ಇದು ಇನ್ನೂ ಕೆಟ್ಟದ್ದು.

16 ವೋಲ್ಟ್ ಅನ್ನುವುದೂ ಕಂಜೂಸುತನವೇ. ಎಂಜಿನ್ ಓಡುವಾಗ ಲೈನಿನಲ್ಲಿ 14 ವೋಲ್ಟ್‌ಗಿಂತ ಜಾಸ್ತಿ ಇರುತ್ತೆ, ಆಗಾಗ ವೋಲ್ಟೇಜ್ ತಟ್ಟನೆ ಏರುವ ಸ್ಪೈಕ್ ಬೇರೆ, ಮೇಲೆ ಬಿಸಿಲಿಗೆ ಕಾದ ರೂಫ್. 25 ಅಥವಾ 35 ವೋಲ್ಟ್, 105 ಡಿಗ್ರಿ ತನಕ ಬಿಸಿ ತಡೆಯುವಂಥದ್ದು ಹಾಕಬೇಕಿತ್ತು. ಪ್ಲಸ್ ಮೈನಸ್ ಉಲ್ಟಾ ಆದರೆ ಅದು ಸಿಡಿಯಲೂಬಹುದು. ಮಾಮೂಲಿ ಬಲ್ಬಿಗೆ ಆ ತಲೆನೋವಿಲ್ಲ, ಹಾಗಾಗಿ ಫಿಟ್ ಮಾಡುವವರು ಚೆಕ್ ಮಾಡೋದೇ ಇಲ್ಲ.

ಮುಂಚೆ ಒಂದು ಪರೀಕ್ಷೆ ಮಾಡಿ. ಲಾಕ್ ತೆಗೆದ ಕೂಡಲೇ ಲೈಟ್ ಹತ್ತುತ್ತಾ? ಬಾಗಿಲು ತುಂಬಾ ಹೊತ್ತು ತೆರೆದಿಟ್ಟರೆ ತಾನೇ ಆರುತ್ತಾ? ಹಾಗಿದ್ದರೆ ಹಿಂದೆ ಬಿಸಿಎಂ ಇದೆ, ಕೆಪಾಸಿಟರ್ ಹತ್ತಿರ ತರಬೇಡಿ. ಕಂಪನಿ ಬಲ್ಬ್ ಮೆಲ್ಲಗೆ ಆರುತ್ತಿದ್ದು ಎಲ್‌ಇಡಿ ಮಾತ್ರ ತಟ್ಟನೆ ಆರುತ್ತಿದ್ದರೆ ಬಹುಶಃ ಆ ಎಲ್‌ಇಡಿ ಒಳಗೆ ಕರೆಂಟನ್ನು ಒಂದೇ ಸಮ ಇಡುವ ಡ್ರೈವರ್ ಚಿಪ್ ಇದೆ, ಬರೀ ರೆಸಿಸ್ಟರ್ ಇರುವ ಎಲ್‌ಇಡಿ ಹಾಕಿ ನೋಡಿ, ಅಷ್ಟಕ್ಕೇ ಸರಿಹೋಗಬಹುದು. ಬಾಗಿಲ ಸ್ವಿಚ್ಚೇ ನೇರವಾಗಿ ಲೈಟ್ ಹಚ್ಚುವ ಹಳೇ ಗಾಡಿಯಾದರೆ ಅಪಾಯ ಕಮ್ಮಿ, ಆದರೂ ಕಿಡಿ ಹಾರಿ ಸ್ವಿಚ್ಚಿನ ಕಾಂಟ್ಯಾಕ್ಟ್ ಸುಡುತ್ತೆ, ಚಾರ್ಜ್ ಆಗುವ ದಾರಿಯಲ್ಲಿ 22 ಓಮ್‌ನಷ್ಟು ರೆಸಿಸ್ಟರ್ ಬೇಕೇ ಬೇಕು.

ಬಿಸಿಎಂ ಇದ್ದೂ ಫೇಡ್ ಬೇಕೇ ಬೇಕು ಅನ್ನುವವರು ಎಲ್‌ಇಡಿಗೆ ಬೇರೆ ಫ್ಯೂಸ್ ಇರುವ ಪ್ರತ್ಯೇಕ ಲೈನ್ ಕೊಡಿಸಿ, ಬಿಸಿಎಂ ವೈರ್ ಬರೀ ಸಿಗ್ನಲ್ ಕೊಡುವ ಹಾಗೆ ಮಾಸ್ಫೆಟ್ (ಸ್ವಿಚ್ ಕೆಲಸ ಮಾಡುವ ಒಂದು ಬಗೆಯ ಟ್ರಾನ್ಸಿಸ್ಟರ್) ಇರುವ ಸರ್ಕ್ಯೂಟ್ ಹಾಕಿಸಿ. ಆ ವೈರ್ ಎಳೆಯುವಾಗ ರೂಫ್ ಹೊತ್ತ ಪಿಲ್ಲರ್ ಒಳಗೆ ಹಳದಿ ಕನೆಕ್ಟರ್ ಕಂಡರೆ ಸಾಮಾನ್ಯವಾಗಿ ಅದು ಏರ್‌ಬ್ಯಾಗಿನದು, ಅದನ್ನು ಮುಟ್ಟಲು ಯಾರಿಗೂ ಬಿಡಬೇಡಿ.

ಅಂದಹಾಗೆ, ಮಾರಿದವರು ಮಾಡ್ಯೂಲಿನ ದುಡ್ಡು ವಾಪಸ್ ಕೊಡ್ತೀವಿ ಅಂದರು. ಬಿಸಿಎಂ ಮಾತೆತ್ತಿದರೆ ಫೋನೇ ಎತ್ತುತ್ತಿಲ್ಲ.