ಏನೂ ಕೇಳದ ದರ್ಶಿನಿ: ನಾಲ್ಕು ವರ್ಷದ ಗಿರಾಕಿಯ ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ, ಹೋಟೆಲ್ ಹೆಸರು ಬರೆಯಲ್ಲ. ಒಂದು, ಕೊನೆಗೆ ಸ್ವಲ್ಪ ದೂರು ಇದೆ. ಎರಡು, ನೀವೆಲ್ಲ ಬಂದು ಸೇರಿಕೊಂಡರೆ ಮೂಲೆಯಲ್ಲಿರುವ ನನ್ನ ಟೇಬಲ್ ಹೋಗುತ್ತದೆ. ಬನಶಂಕರಿ ಎರಡನೇ ಹಂತದ ಯಾವುದೋ ಒಂದು ದರ್ಶಿನಿ ಅಂದುಕೊಳ್ಳಿ.

ನನಗೆ ಆಟಿಸಂ ಇದೆ. ಗೊತ್ತಾಗಿದ್ದು 36ನೇ ವಯಸ್ಸಿನಲ್ಲಿ. ಅಕ್ಕ ತನ್ನ ಮಗನನ್ನು ಡಾಕ್ಟರಿಗೆ ತೋರಿಸುವಾಗ ನಾನೂ ಜೊತೆಗೆ ಹೋಗಿದ್ದೆ. ಬಟ್ಟೆಯ ಲೇಬಲ್ ಚುಚ್ಚುತ್ತೆ ಅಂತಾನಾ, ಮಿಕ್ಸಿ ಹಾಕಿದರೆ ಕಿವಿ ಮುಚ್ಚಿಕೊಳ್ತಾನಾ, ದಿನಾ ಒಂದೇ ತಿಂಡಿ ಬೇಕು ಅಂತಾನಾ, ಹೀಗೆ ಅವರು ಒಂದೊಂದೇ ಕೇಳುತ್ತಾ ಹೋದ ಹಾಗೆ ಅಕ್ಕ ಮಗನನ್ನು ಬಿಟ್ಟು ನನ್ನ ಮುಖ ನೋಡತೊಡಗಿದಳು. ಆಮೇಲೆ ನಾನೂ ತೋರಿಸಿಕೊಂಡೆ. ಇದು ದೊಡ್ಡವರಾದ ಮೇಲೆ ಬರುವುದಲ್ಲ, ಚಿಕ್ಕಂದಿನಿಂದ ಇದ್ದೇ ಇರುತ್ತದೆ. ಹೆಣ್ಣುಮಕ್ಕಳು ಬೇರೆಯವರನ್ನು ನೋಡಿ ನೋಡಿ, ಕಾಪಿ ಹೊಡೆದು, ಮುಚ್ಚಿಟ್ಟುಕೊಳ್ಳುವುದು ಜಾಸ್ತಿ, ಅದಕ್ಕೇ ಎಷ್ಟೋ ಜನರಿಗೆ ತಡವಾಗಿ ಗೊತ್ತಾಗುತ್ತದೆ. ಸದ್ದು, ಬೆಳಕು, ವಾಸನೆ ವಿಪರೀತ ತಟ್ಟುವುದನ್ನು ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲಿ ಆಟಿಸಂ ಲಕ್ಷಣಗಳ ಪಟ್ಟಿಗೆ ಸೇರಿಸಿತು. ನಮ್ಮ ಮನೆಯಲ್ಲಿ ಅದಕ್ಕೆ ಮೊದಲಿಂದಲೂ ನಖರಾ ಅಂತ ಹೆಸರಿತ್ತು.

ಈಗ ಹೋಟೆಲ್ ವಿಷಯ. ಕೂತು ತಿನ್ನುವ ಹೋಟೆಲ್ ಅಂದರೆ ನನಗೆ ಭಯ ಸಪ್ಲೈಯರ್‌ದು. ನೀರಿನ ಲೋಟ ಇಡುತ್ತಲೇ ಇಡ್ಲಿ ವಡೆ ದೋಸೆ ಪೂರಿ ಖಾರಾಬಾತ್ ಕೇಸರಿಬಾತ್ ಅಂತ ಒಂದೇ ಉಸಿರಿಗೆ ಹೇಳಿ ಮುಗಿಸಿರುತ್ತಾರೆ, ನಾನಿನ್ನೂ ವಡೆ ಹತ್ತಿರ ಇರುತ್ತೇನೆ. ದರ್ಶಿನಿಯಲ್ಲಿ ಆ ರಗಳೆ ಇಲ್ಲ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರು ಮಾಡಿದ ಆರ್. ಪ್ರಭಾಕರ್ ನನ್ನಂಥವರನ್ನು ನೆನೆದು ಮಾಡಿರಲಿಕ್ಕಿಲ್ಲ, ಆದರೂ ನೋಡಿ: ರೇಟು ಬೋರ್ಡಿನ ಮೇಲಿದೆ. ದುಡ್ಡು ಮೊದಲೇ ಕೊಡುತ್ತೇವೆ. ಚೀಟಿ ಕೌಂಟರ್ ಮೇಲಿಟ್ಟರೆ ಸಾಕು, ಮಾತು ಬೇಡ. ಬಿಲ್ ತರಲಿ ಅಂತ ಯಾರಿಗೂ ಕೈ ಮಾಡುತ್ತಾ ಕೂರಬೇಕಾಗಿಲ್ಲ. ಎದುರಿಗೆ ಗುರುತಿಲ್ಲದವರು ಬಂದು ನಿಂತರೂ ಇಬ್ಬರೂ ಅವರವರ ತಟ್ಟೆ ನೋಡಿಕೊಂಡು ತಿನ್ನುವುದೇ ಇಲ್ಲಿನ ಮರ್ಯಾದೆ.

ನನ್ನ ಆರ್ಡರ್ ಎರಡು ಇಡ್ಲಿ, ಒಂದು ವಡೆ, ಸಾಂಬಾರ್ ಬೇರೆ ಬಟ್ಟಲಲ್ಲಿ. 65 ರೂಪಾಯಿ, ಕಾಫಿ 20. ಬೇರೆ ಬಟ್ಟಲು ಅನ್ನೋದು ಮುಖ್ಯ. ಡಿಪ್ ಮಾಡಿದ ವಡೆ ಹೊರಗೆ ಪಿಚಪಿಚ, ಒಳಗೆ ಗಟ್ಟಿ, ಅಂಥ ಒಂದು ತುತ್ತಿಗೆ ನನ್ನ ಅರ್ಧ ದಿನ ಹಾಳಾಗಿದ್ದಿದೆ. ಇಲ್ಲಿ ವಡೆಯ ತೂತಿನ ಒಳಗಿನ ಅಂಚೂ ಗರಿಗರಿ. ಚಟ್ನಿ ನುಣ್ಣಗೆ, ದಿನಾ ಒಂದೇ ತರ. ತೆಂಗಿನಕಾಯಿ ರೇಟು ಏರಿದಾಗ ಹುರಿಗಡಲೆ ಜಾಸ್ತಿ ಹಾಕಿದ್ದರು, ಮೊದಲ ದಿನವೇ ನಾಲಿಗೆಗೆ ಗೊತ್ತಾಯಿತು.

ಕಷ್ಟ ಇರುವುದು ಸದ್ದಿನದು. ತಿಂದ ತಟ್ಟೆ ಹಾಕುವ ಟಬ್ ಇದೆಯಲ್ಲ, ಸ್ಟೀಲ್ ತಟ್ಟೆ, ಅದರ ಮೇಲೆ ಲೋಟ, ಅದರ ಮೇಲೆ ಚಮಚ, ಒಬ್ಬೊಬ್ಬರು ದೂರದಿಂದಲೇ ಎಸೆಯುತ್ತಾರೆ. ಒಂದೊಂದು ಸಲವೂ ಹಲ್ಲಿನ ಬೇರಿಗೆ ಬಡಿದ ಹಾಗಾಗುತ್ತದೆ. ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ಹಾಕಿಕೊಂಡು ನೋಡಿದೆ. ಎಕ್ಸಾಸ್ಟ್ ಫ್ಯಾನಿನ ಗುಂಯ್ ಅನ್ನುವ ಒಂದೇ ಸಮನೆ ಸದ್ದನ್ನು ಅದು ಅಳಿಸುತ್ತದೆ, ದಿಢೀರ್ ಅಂತ ಬೀಳುವ ಠಣ್ ಅನ್ನುವುದನ್ನು ಅಷ್ಟಾಗಿ ತಡೆಯಲ್ಲ. ಹಾಗಾಗಿ ಎಂಟರಿಂದ ಹತ್ತರವರೆಗೆ ನಾನು ಆ ಕಡೆ ತಲೆ ಹಾಕಲ್ಲ. ಹನ್ನೊಂದು ಗಂಟೆ ಒಳ್ಳೆಯದು.

ದೀಪಾವಳಿ ಆದಮೇಲೆ ಹೇಳದೆ ಕೇಳದೆ ಕ್ಯಾಶ್ ಕೌಂಟರನ್ನು ಎಡದಿಂದ ಬಲಕ್ಕೆ ಹಾಕಿಬಿಟ್ಟಿದ್ದರು. ಬಾಗಿಲಲ್ಲೇ ನಿಂತುಬಿಟ್ಟೆ. ಕಾಲು ಮುಂದೆ ಹೋಗಲಿಲ್ಲ. ಐದು ನಿಮಿಷ ನನ್ನ ಚಪ್ಪಲಿ ನೋಡಿಕೊಂಡು ನಿಂತಿದ್ದು, ಮನೆಗೆ ಬಂದು ಬ್ರೆಡ್ ತಿಂದೆ.

ಮಾರನೇ ದಿನ ಕ್ಯಾಶಿಯರ್, "ಯಾಕ್ ಮೇಡಂ, ನಿನ್ನೆ ಬಾಗಿಲಿಂದಾನೇ ವಾಪಸ್ ಹೋದ್ರಿ?" ಅಂದರು. ನೋಡಿದ್ದಾರೆ! ಹೇಳಿದೆ. ಆಟಿಸಂ ಅಂತ, ಸದ್ದು ಅಂತ, 2016ರ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಇದೂ ಒಂದು ಅಂತ. (ಕೇಳದಿದ್ದರೂ ಕಾಯ್ದೆ ಸಮೇತ ಹೇಳುವುದು ನನ್ನ ಅಭ್ಯಾಸ.) "ನೋಡೋಕೆ ಚೆನ್ನಾಗೇ ಇದ್ದೀರಲ್ಲ ಮೇಡಂ" ಅಂದರು. ಎಲ್ಲರೂ ಅದನ್ನೇ ಅನ್ನುವುದು. "ಸೌಂಡ್ ಆಗಬಾರದು, ಅಷ್ಟೇ ತಾನೇ?" ಅಷ್ಟೇ ಅಲ್ಲ, ಆದರೆ ಹಿಂದೆ ಕ್ಯೂ ಇತ್ತು. ಟಬ್ಬಿನ ತಳಕ್ಕೆ ಒಂದು ರಬ್ಬರ್ ಮ್ಯಾಟ್ ಹಾಕಿ ಅಂದೆ, ಹೂಂ ಅಂದರು.

ಮ್ಯಾಟ್ ಇವತ್ತಿಗೂ ಬಂದಿಲ್ಲ. ಅದರ ಬದಲು ನಾನು ಒಳಗೆ ಬಂದ ತಕ್ಷಣ ಅವರು ಕ್ಯಾಶ್ ಕೌಂಟರಿಂದಲೇ, "ಸಾರ್, ತಟ್ಟೆ ಮೆಲ್ಲಗೆ ಹಾಕಿ, ಮೇಡಂಗೆ ಆಗಲ್ಲ!" ಅಂತ ಕೂಗುತ್ತಾರೆ. ಆ ಕೂಗು ತಟ್ಟೆ ಸದ್ದಿಗಿಂತ ಜೋರು, ಸಾಲದ್ದಕ್ಕೆ ಇಡೀ ಹೋಟೆಲ್ ನನ್ನ ಕಡೆ ತಿರುಗುತ್ತದೆ.

ಐದಕ್ಕೆ ನಾಲ್ಕು ಸ್ಟಾರ್. ಮಸಾಲೆ ದೋಸೆ ಹೇಗಿದೆ ಅಂತ ಕೇಳಬೇಡಿ, ನಾಲ್ಕು ವರ್ಷದಲ್ಲಿ ಒಂದು ದಿನವೂ ತಿಂದಿಲ್ಲ.