ಕೋಶದೊಳಗಿನ ಹುಳಿಯನ್ನು ಅಳೆಯಲು ಬಣ್ಣವೋ, ಪ್ರೋಟೀನೋ, ಡಿಎನ್‌ಎಯೋ?

ಕೋಶದ ಜೀರ್ಣಚೀಲವಾದ ಲೈಸೊಸೋಮಿನ ಪಿಎಚ್ ಎಷ್ಟು ಎಂದು ಕೇಳಿದರೆ ಪಠ್ಯಪುಸ್ತಕ 4.5 ಎಂದು ಬರೆದು ಮುಂದಿನ ಪುಟಕ್ಕೆ ಹೋಗುತ್ತದೆ. ಅದೇ ಅಂಕಿಯನ್ನು ಬದುಕಿರುವ ಕೋಶದಲ್ಲಿ ಸ್ವತಃ ಅಳೆಯಲು ಕುಳಿತವರಿಗೆ ತೊಡಕು ಗೊತ್ತು. ಅರ್ಧ ಮೈಕ್ರಾನಿನ ಚೀಲದೊಳಗೆ ಪಿಎಚ್ ಮೀಟರಿನ ಗಾಜಿನ ಕಡ್ಡಿಯನ್ನು ಇಳಿಸಲಾಗದು. ಹೊಳೆಯುವ ಅಣುವೊಂದನ್ನು ಒಳಗೆ ಕಳುಹಿಸಿ, ಅದರ ಬೆಳಕನ್ನು ನೋಡಿ ಹುಳಿಯನ್ನು ಲೆಕ್ಕ ಹಾಕಬೇಕು. ಹಾಗೆ ಕಳುಹಿಸಬಹುದಾದ ಅಣುಗಳಲ್ಲಿ ಮೂರು ಜಾತಿ: ಬಣ್ಣ, ಪ್ರೋಟೀನ್, ಡಿಎನ್‌ಎ. ಹೊರಗಿನದ್ದನ್ನು ನುಂಗುವ ರೋಗನಿರೋಧಕ ಕೋಶಗಳಾದ ಇಲಿಯ ಮ್ಯಾಕ್ರೋಫೇಜ್‌ಗಳಲ್ಲಿ ಮೂರನ್ನೂ ಬಳಸಿ ನೋಡಿದ ಮೇಲೆ ನನಗೆ ಉಳಿದಿರುವ ಅಭಿಪ್ರಾಯಗಳು ಇವು.

ಮೊದಲು ಒಂದು ಸಿಟ್ಟನ್ನು ಹೇಳಿಬಿಡುತ್ತೇನೆ. ಲೈಸೊಟ್ರ್ಯಾಕರ್ ಎಂಬ ಹೊಳೆಯುವ ಬಣ್ಣ ಪಿಎಚ್ ಮಾಪಕವಲ್ಲ. ಅದು ದುರ್ಬಲ ಪ್ರತ್ಯಾಮ್ಲ. ಹುಳಿಯಿರುವಲ್ಲಿ ಪ್ರೋಟಾನ್ ಹಿಡಿದುಕೊಂಡು ಆವೇಶ ಪಡೆಯುತ್ತದೆ, ಆಮೇಲೆ ಪೊರೆ ದಾಟಲಾಗದೆ ಅಲ್ಲಿಯೇ ಸಿಕ್ಕಿಬೀಳುತ್ತದೆ. ಲೈಸೊಸೋಮ್ ಊದಿಕೊಂಡರೂ ಹೊಳಪು ಏರುತ್ತದೆ, ಸಂಖ್ಯೆ ಹೆಚ್ಚಾದರೂ ಏರುತ್ತದೆ. ಆ ಹೊಳಪಿನಿಂದ ಪಿಎಚ್ ಹೇಳುವುದು ಸಂತೆಯ ಗದ್ದಲ ಕೇಳಿ ಊರಿನ ಜನಸಂಖ್ಯೆ ಹೇಳಿದಂತೆ. ಮೇಲಾಗಿ, ಹೆಚ್ಚು ಹೊತ್ತು ಬಿಟ್ಟರೆ ಈ ಬಣ್ಣವೇ ಪ್ರೋಟಾನುಗಳನ್ನು ನುಂಗಿ ಲೈಸೊಸೋಮಿನ ಹುಳಿಯನ್ನು ತಗ್ಗಿಸುತ್ತದೆ. ಲೈಸೊಸೋಮ್ ಎಲ್ಲಿದೆ ಎಂದು ತೋರಿಸಲು ಅದು ಒಳ್ಳೆಯದು, ಅಷ್ಟೇ.

ಬಣ್ಣಗಳಲ್ಲಿ ನಂಬಬಹುದಾದದ್ದು ಡೆಕ್ಸ್‌ಟ್ರಾನ್ ಎಂಬ ಸಕ್ಕರೆ ಸರಪಳಿಗೆ ಅಂಟಿಸಿದ ಬಣ್ಣ. 1978ರಲ್ಲಿ ಒಹ್ಕುಮಾ ಮತ್ತು ಪೂಲ್ ಫ್ಲೋರೆಸೀನ್ ಅಂಟಿದ ಡೆಕ್ಸ್‌ಟ್ರಾನನ್ನು ಮ್ಯಾಕ್ರೋಫೇಜ್‌ಗಳಿಗೆ ಉಣಿಸಿ ಲೈಸೊಸೋಮಿನ ಪಿಎಚ್ 4.8ರ ಆಸುಪಾಸಿನಲ್ಲಿದೆ ಎಂದು ತೋರಿಸಿದರು. ಆ ವಿಧಾನ ಇಂದಿಗೂ ಸವೆದಿಲ್ಲ. ಕೋಶ ಡೆಕ್ಸ್‌ಟ್ರಾನನ್ನು ಕುಡಿಯುತ್ತದೆ, ಜೀರ್ಣಿಸಿಕೊಳ್ಳಲಾರದು. ರಾತ್ರಿಯಿಡೀ ಉಣಿಸಿ, ಬೆಳಿಗ್ಗೆ ತೊಳೆದು, ಕೆಲವು ಗಂಟೆ ಕಾದರೆ ಬಹುಪಾಲು ಲೈಸೊಸೋಮಿನಲ್ಲಿ ಶೇಖರವಾಗಿರುತ್ತದೆ. ಫ್ಲೋರೆಸೀನಿನ ಪಿಕೆಎ, ಅಂದರೆ ಅದರ ಅರ್ಧದಷ್ಟು ಅಣುಗಳು ಪ್ರೋಟಾನ್ ಹಿಡಿದಿರುವ ಪಿಎಚ್, ಸುಮಾರು 6.4. ಪಿಎಚ್ 5ರ ಕೆಳಗೆ ಅದು ಮಂಕಾಗುತ್ತದೆ. ಹಾಗಾಗಿ ನಾನು ಪಿಕೆಎ 4.7ರ ಬಳಿಯಿರುವ ಓರೆಗಾನ್ ಗ್ರೀನ್ ಬಳಸುತ್ತೇನೆ, ಜೊತೆಗೆ ಪಿಎಚ್‌ಗೆ ಸ್ಪಂದಿಸದ ರೋಡಮೀನ್ ಡೆಕ್ಸ್‌ಟ್ರಾನ್. ಎರಡರ ಅನುಪಾತ ತೆಗೆದರೆ ಯಾವ ಕೋಶ ಎಷ್ಟು ಕುಡಿದಿದೆ ಎಂಬ ಗೊಂದಲ ಬಹುಮಟ್ಟಿಗೆ ಕಳೆಯುತ್ತದೆ. ಪ್ರೋಟಾನ್ ಪಂಪನ್ನು ನಿಲ್ಲಿಸುವ ಬಫಿಲೋಮೈಸಿನ್ ಹಾಕಿದಾಗ ಅನುಪಾತ ಏರುವುದು ಪರದೆಯ ಮೇಲೆ ಕಣ್ಣಿಗೇ ಕಾಣುತ್ತದೆ.

ಪ್ರೋಟೀನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. 1998ರಲ್ಲಿ ಬಂದ ಪಿಎಚ್‌ಲೂರಿನ್ ಹಸಿರು ಪ್ರತಿದೀಪ್ತ ಪ್ರೋಟೀನಿನ ತಿದ್ದಿದ ರೂಪ. ಅದರ ವಂಶವಾಹಿಯನ್ನು ಕೋಶಕ್ಕೆ ಕೊಟ್ಟರೆ ಕೋಶವೇ ಮಾಪಕವನ್ನು ತಯಾರಿಸುತ್ತದೆ, ಬೇಕಾದ ಅಂಗಕದ ವಿಳಾಸವನ್ನೂ ಪ್ರೋಟೀನಿಗೆ ಜೋಡಿಸಬಹುದು. ನರಕೋಶದ ಗುಳ್ಳೆಗಳು ಒಡೆದು ಒಳಗಿನದ್ದು ಹೊರಬೀಳುವ ಕ್ಷಣವನ್ನು ಹಿಡಿಯಲು ಇದನ್ನು ಮೀರಿಸಿದ್ದು ನನಗೆ ಕಂಡಿಲ್ಲ: ಸುಮಾರು 5.6ರಲ್ಲಿ ಕತ್ತಲೆ, ಹೊರಗಿನ 7.4ರಲ್ಲಿ ಬೆಳಕು. ಆದರೆ ಅದೇ ಗುಣ ಲೈಸೊಸೋಮಿನಲ್ಲಿ ಮುಳುವಾಗುತ್ತದೆ. ಪಿಕೆಎ 7ರ ಬಳಿ ಇರುವ ಮಾಪಕ 4.5ರಲ್ಲಿ ಕುರುಡು. ಮ್ಯಾಕ್ರೋಫೇಜ್‌ಗಳು ಹೊರಗಿನ ವಂಶವಾಹಿಯನ್ನು ಸುಲಭವಾಗಿ ಒಪ್ಪಿಕೊಳ್ಳುವುದೂ ಇಲ್ಲ. ನನ್ನ ಕೆಲಸಕ್ಕೆ ಅದು ಒದಗಲಿಲ್ಲ.

ಡಿಎನ್‌ಎ ಮಾಪಕ ಹುಟ್ಟಿದ್ದು ಬೆಂಗಳೂರಿನಲ್ಲಿಯೇ. ಜಿಕೆವಿಕೆ ಆವರಣದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಯಮುನಾ ಕೃಷ್ಣನ್ ಅವರ ತಂಡ 2009ರಲ್ಲಿ ‘ಐ-ಸ್ವಿಚ್’ ಅನ್ನು ಪ್ರಕಟಿಸಿತು. ಇದರ ಬೇರು 1993ರಲ್ಲಿ ಫ್ರಾನ್ಸಿನ ಸಂಶೋಧಕರು ಗುರುತಿಸಿದ ಐ-ಮೋಟಿಫ್ ಎಂಬ ರಚನೆ. ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲೊಂದಾದ ಸೈಟೊಸಿನ್ ತುಂಬಿದ ಎಳೆಗಳು ಹುಳಿ ಇಲ್ಲದಾಗ ಬಿಡಿಬಿಡಿಯಾಗಿರುತ್ತವೆ. ಹುಳಿ ಸಿಕ್ಕರೆ ಎರಡು ಸೈಟೊಸಿನ್‌ಗಳು ಒಂದು ಪ್ರೋಟಾನನ್ನು ಹಂಚಿಕೊಂಡು ಜೋಡಿಯಾಗುತ್ತವೆ, ಇಂಥ ಜೋಡಿಗಳು ಒಂದರೊಳಗೊಂದು ಸೇರಿ ನಾಲ್ಕೆಳೆಯ ಗಂಟಾಗುತ್ತವೆ. ಐ-ಸ್ವಿಚ್‌ನಲ್ಲಿರುವುದು ಮೂರು ಎಳೆ. ಪಿಎಚ್ ಇಳಿದಾಗ ಎರಡು ಬಾಲಗಳು ಗಂಟು ಹಾಕಿಕೊಂಡು ತೋಳು ಮಡಚುತ್ತದೆ. ತುದಿಗಳಲ್ಲಿರುವ ಹಸಿರು ಮತ್ತು ದೂರ-ಕೆಂಪು ಬಣ್ಣಗಳು ಹತ್ತಿರ ಬಂದು, ಹಸಿರಿನ ಶಕ್ತಿ ಕೆಂಪಿಗೆ ದಾಟುತ್ತದೆ. ಎರಡು ಬೆಳಕುಗಳ ಅನುಪಾತವೇ ಪಿಎಚ್. ಪ್ರತಿ ಮಾಪಕದಲ್ಲಿಯೂ ಎರಡು ಬಣ್ಣಗಳು ಒಂದಕ್ಕೊಂದೇ ಇರುವುದರಿಂದ ಡೆಕ್ಸ್‌ಟ್ರಾನ್ ಮಿಶ್ರಣದಲ್ಲಿರುವ ಅಳತೆಯ ಅಂದಾಜು ಇಲ್ಲಿಲ್ಲ.

ಮಾಡಿಕೊಳ್ಳುವುದು ಅಂದುಕೊಂಡಷ್ಟು ಕಷ್ಟವಲ್ಲ. ಎಳೆಗಳನ್ನು ಸಮ ಪ್ರಮಾಣದಲ್ಲಿ ಬೆರೆಸಿ, 90 ಡಿಗ್ರಿಗೆ ಕಾಯಿಸಿ, ನಿಧಾನವಾಗಿ ತಣಿಸಿ, ಜೆಲ್ ಮೇಲೆ ಓಡಿಸಿ ಜೋಡಣೆಯನ್ನು ಖಾತರಿ ಮಾಡಿಕೊಂಡರೆ ಆಯಿತು. ಬಣ್ಣ ಕೂರಿಸಿದ ಎಳೆಗಳ ಬೆಲೆಯೇ ನೋವು.

ಒಳಗೆ ಹೋಗುವ ದಾರಿಯಲ್ಲಿ ಇದರ ನಿಜವಾದ ಗೆಲುವಿದೆ, ಮಿತಿಯೂ ಅಲ್ಲಿಯೇ. ಮ್ಯಾಕ್ರೋಫೇಜ್ ಹೊರಪೊರೆಯ ಸ್ಕ್ಯಾವೆಂಜರ್ ಗ್ರಾಹಕಗಳು ಋಣಾವೇಶದ ಡಿಎನ್‌ಎಯನ್ನು ತಾವಾಗಿಯೇ ಹಿಡಿದೆಳೆಯುತ್ತವೆ. ಸಿ. ಎಲೆಗಾನ್ಸ್ ಹುಳುವಿನಲ್ಲಿ ದೇಹದ್ರವವನ್ನು ಶುಚಿ ಮಾಡುವ ಕೋಶಗಳೂ ಹಾಗೆಯೇ. 2011ರಲ್ಲಿ ಅದೇ ತಂಡ ಜೀವಂತ ಹುಳುವಿನೊಳಗೆ ಅಳತೆ ಮಾಡಿ ತೋರಿಸಿತು. ಆ ಗ್ರಾಹಕ ಇಲ್ಲದ ಕೋಶಕ್ಕೆ ಬೇರೆ ಟಿಕೆಟ್ ಬೇಕು. ಕಬ್ಬಿಣ ಹೊರುವ ಟ್ರಾನ್ಸ್‌ಫೆರಿನ್ ಪ್ರೋಟೀನಿಗೆ ಕಟ್ಟಿದ ಮಾಪಕ ಕಬ್ಬಿಣ ಸಾಗುವ ದಾರಿಯಲ್ಲಿಯೇ ಹೋಗುತ್ತದೆ. 2013ರಲ್ಲಿ ಎರಡು ಬೇರೆ ಮಾಪಕಗಳು ಒಂದೇ ಕೋಶದೊಳಗೆ ಎರಡು ಬೇರೆ ದಾರಿ ಹಿಡಿದು ಏಕಕಾಲಕ್ಕೆ ಪಿಎಚ್ ವರದಿ ಮಾಡಿದವು. ಡೆಕ್ಸ್‌ಟ್ರಾನ್ ಇದನ್ನು ಮಾಡಲಾರದು. ಅದಕ್ಕೆ ದಾರಿಯ ಆಯ್ಕೆಯೇ ಇಲ್ಲ.

ಐ-ಸ್ವಿಚ್ ಚುರುಕಾಗಿರುವುದು 5.5ರಿಂದ 6.8ರ ನಡುವೆ, ಅಂದರೆ ಕೋಶ ನುಂಗಿದ್ದನ್ನು ಲೈಸೊಸೋಮಿನತ್ತ ಒಯ್ಯುವ ಎಂಡೊಸೋಮ್ ಚೀಲಗಳ ಸೀಮೆಯಲ್ಲಿ. ಎಂಡೊಸೋಮ್ ಬಲಿಯುತ್ತಾ ಹುಳಿಯಾಗುವುದನ್ನು ನಿಮಿಷ ನಿಮಿಷಕ್ಕೆ ನೋಡಲು ಇದೇ ನನ್ನ ಆಯ್ಕೆ. ಲೈಸೊಸೋಮ್ ತಲುಪಿದ ಮೇಲೆ ಮಾಪಕ ಪೂರ್ತಿ ಮಡಚಿಕೊಂಡಿರುತ್ತದೆ, 5 ಮತ್ತು 4.5ರ ನಡುವೆ ವ್ಯತ್ಯಾಸ ಹೇಳದು. ಅಲ್ಲಿ ಡಿಎನ್‌ಎ ಕತ್ತರಿಸುವ ಕಿಣ್ವವೂ ಕಾದು ಕುಳಿತಿರುತ್ತದೆ, ಕೆಲವು ಗಂಟೆಗಳೊಳಗೆ ಚಿತ್ರ ತೆಗೆದು ಮುಗಿಸಬೇಕು.

ನಡುವೆ ಒಂದು ಲೆಕ್ಕ. 100 ನ್ಯಾನೊಮೀಟರ್ ವ್ಯಾಸದ ಎಂಡೊಸೋಮಿನ ಪಿಎಚ್ 6 ಆಗಿದ್ದರೆ, ಅದರೊಳಗೆ ಒಂದು ಕ್ಷಣಕ್ಕೆ ಸರಾಸರಿ ಇರುವ ಬಿಡಿ ಪ್ರೋಟಾನ್ ಒಂದರ ಮೂರನೇ ಒಂದು ಭಾಗ. ಒಂದೂ ಇಲ್ಲ! ಪಿಎಚ್ ಎಂದು ನಾವು ಓದುತ್ತಿರುವುದು ಅಲ್ಲಿನ ಪ್ರೋಟೀನ್, ಫಾಸ್ಫೇಟ್‌ಗಳು ಹಿಡಿದು ಬಿಡುತ್ತಿರುವ ಪ್ರೋಟಾನುಗಳ ಸರಾಸರಿಯನ್ನು. ಇಂಥ ಪುಟ್ಟ ಜಾಗಕ್ಕೆ ಯಾವ ಮಾಪಕವನ್ನು ತುಂಬಿದರೂ ಅದೂ ಪ್ರೋಟಾನಿಗೆ ಕೈಚಾಚುತ್ತದೆ. ಆದ್ದರಿಂದ ಕಾಣುವಷ್ಟು ಮಾತ್ರ ಹಾಕಿ, ಹೆಚ್ಚು ಬೇಡ.

ಯಾವುದನ್ನು ಆರಿಸಿದರೂ ಪೊರೆಯಲ್ಲಿ ಪೊಟ್ಯಾಸಿಯಂ ಮತ್ತು ಪ್ರೋಟಾನುಗಳನ್ನು ಅದಲುಬದಲು ಮಾಡುವ ನೈಜೆರಿಸಿನ್ ಮತ್ತು ಹೆಚ್ಚು ಪೊಟ್ಯಾಸಿಯಂ ಇರುವ ದ್ರಾವಣಗಳಲ್ಲಿ ಕೋಶದ ಒಳಗಿನ ಪಿಎಚ್ ಅನ್ನು ಹೊರಗಿನದಕ್ಕೆ ಸಮ ಮಾಡಿ, ಅದೇ ದಿನ, ಅದೇ ಸೂಕ್ಷ್ಮದರ್ಶಕದಲ್ಲಿ ಮಾಪನಾಂಕ ಗೆರೆ ಎಳೆಯಬೇಕು. ಕಳೆದ ತಿಂಗಳ ಗೆರೆಯನ್ನು ಇಂದಿನ ಚಿತ್ರಕ್ಕೆ ಹೊಂದಿಸುವುದು ಬೇಡ. 0.3ರಷ್ಟು ಜಾರಿದರೆ ಪ್ರೋಟಾನ್ ಸಾಂದ್ರತೆ ಎರಡರಷ್ಟು ತಪ್ಪಿದಂತೆ.

ಕೋಶರಸದ ಪಿಎಚ್ ಬೇಕಿದ್ದವರು ಡಿಎನ್‌ಎಯತ್ತ ತಿರುಗಿಯೂ ನೋಡಬೇಕಿಲ್ಲ. ಅಲ್ಲಿನ 7.2 ಐ-ಸ್ವಿಚ್‌ನ ವ್ಯಾಪ್ತಿಯ ಹೊರಗಿದೆ, ಎಂಡೊಸೋಮಿನ ಪೊರೆ ದಾಟಿ ಅಲ್ಲಿಗೆ ಹೋಗುವ ದಾರಿಯೂ ಅದಕ್ಕಿಲ್ಲ. ತಾನಾಗಿ ಒಳನುಗ್ಗಿ, ಕೋಶದ ಕಿಣ್ವಗಳಿಂದ ಕತ್ತರಿಸಿಕೊಂಡು ಒಳಗೇ ಉಳಿಯುವ ಬಿಸಿಇಸಿಎಫ್ ಬಣ್ಣ ಆ ಕೆಲಸವನ್ನು ಅಗ್ಗದಲ್ಲಿ ಮುಗಿಸುತ್ತದೆ. ಲೈಸೊಸೋಮಿನ ಮೇಲೆ ಔಷಧಗಳ ಪರಿಣಾಮ ನೋಡುವ ದಿನನಿತ್ಯದ ಕೆಲಸಕ್ಕೆ ನಾನು ಈಗಲೂ ತೆಗೆಯುವುದು ಡೆಕ್ಸ್‌ಟ್ರಾನಿನ ಸೀಸೆಯನ್ನೇ. ‘ಎಷ್ಟು ಹುಳಿ’ ಎನ್ನುವುದರ ಜೊತೆಗೆ ‘ಯಾವ ದಾರಿಯಲ್ಲಿ, ಯಾವ ಹೊತ್ತಿಗೆ’ ಎಂಬ ಪ್ರಶ್ನೆ ಬಂದಾಗ ಮಾತ್ರ ಡಿಎನ್‌ಎ ಎಳೆಗಳಿಗೆ ಬೇಡಿಕೆ ಕಳುಹಿಸುತ್ತೇನೆ.